ಮೊಣಕಾಲಿನ ಗುಳಿಗೆ ಸರಿ, ಶುಗರ್ ನೋಡಿಸಿದ್ದೀರಾ?

ಸಂತೆ ದಿನ ಮೆಡಿಕಲ್ ಶಾಪ್ ಮುಂದೆ ಹತ್ತು ನಿಮಿಷ ನಿಂತರೆ ಸಾಕು. "ಮೊಣಕಾಲು ನೋವಿಗೆ ಹೋದ ಸಲ ಕೊಟ್ಟಿದ್ರಲ್ಲಣ್ಣ, ಅದನ್ನೇ ಕೊಡ್ರಿ" ಅನ್ನುವ ಮಾತು ಕಿವಿಗೆ ಬೀಳುತ್ತದೆ. ಮೂರು ಬಣ್ಣದ ಗುಳಿಗೆ ಕಾಗದದ ಪೊಟ್ಟಣಕ್ಕೆ ಬೀಳುತ್ತವೆ. ಹೆಸರಿಲ್ಲ, ಎಷ್ಟು ಮಿಲಿಗ್ರಾಂ ಅಂತಿಲ್ಲ. ಮರುದಿನ ನೋವು ಮಾಯ, ಹೊಲಕ್ಕೆ ಹೋಗಬಹುದು.

ನಮ್ಮ ಬಳಗದ ಒಬ್ಬರ ತಾಯಿ ಹೀಗೆ ಆರು ತಿಂಗಳು ನುಂಗಿದರು. ವಯಸ್ಸು 52. ಹಸಿವು ಹೆಚ್ಚಾಯಿತು, ಮುಖ ದುಂಡಗಾಯಿತು. ಓಣಿಯವರು "ಈಗ ಮೈ ಕೈ ತುಂಬಿಕೊಂಡ್ಯವ್ವ" ಅಂದರು. ಆಮೇಲೆ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳತೊಡಗಿದರು. ಕಾಲಿನ ಸಣ್ಣ ಗಾಯ ಒಣಗಲೇ ಇಲ್ಲ. ರಕ್ತ ನೋಡಿಸಿದಾಗ ಶುಗರ್ 380. ಪೊಟ್ಟಣದಲ್ಲಿ ಇದ್ದದ್ದು ಸ್ಟೀರಾಯ್ಡ್.

ಸ್ಟೀರಾಯ್ಡ್ ಅಂದರೆ ವಿಷ ಅಂತ ನಾವು ಹೇಳುತ್ತಿಲ್ಲ. 2020ರಲ್ಲಿ ಆಕ್ಸಿಜನ್ ಮೇಲಿದ್ದ ಕೋವಿಡ್ ರೋಗಿಗಳ ಜೀವ ಉಳಿಸಿದ್ದು ಡೆಕ್ಸಾಮೆಥಾಸೋನ್ ಅನ್ನುವ ಅಗ್ಗದ ಸ್ಟೀರಾಯ್ಡೇ. ಮರುವರ್ಷ ಬ್ಲ್ಯಾಕ್ ಫಂಗಸ್ ಬಂದಾಗ, ಶುಗರ್ ಇದ್ದು ಅಳತೆ ಮೀರಿ ಸ್ಟೀರಾಯ್ಡ್ ಪಡೆದವರಿಗೇ ಅದು ಹೆಚ್ಚು ಕಾಡಿತು. ಔಷಧಿ ಅದೇ. ಯಾರಿಗೆ, ಎಷ್ಟು, ಎಷ್ಟು ದಿನ ಅನ್ನುವುದಷ್ಟೇ ಬೇರೆ. ದಮ್ಮಿನವರ ಪಂಪಿನಲ್ಲೂ ಸ್ಟೀರಾಯ್ಡ್ ಇರುತ್ತದೆ. ಅದು ಬಹಳ ಕಡಿಮೆ, ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಇದನ್ನು ಓದಿ ಹೆದರಿ ಪಂಪ್ ಬಿಟ್ಟುಬಿಡಬೇಡಿ.

ನಲವತ್ತು ದಾಟಿದವರಿಗೆ ಯಾಕೆ ಹೆಚ್ಚು ಎಚ್ಚರ? ಆ ವಯಸ್ಸಿಗೆ ಎಷ್ಟೋ ಜನರಿಗೆ ಶುಗರ್, ಬಿಪಿ ಗೊತ್ತಿಲ್ಲದೇ ಶುರುವಾಗಿರುತ್ತದೆ. ಮುಟ್ಟು ನಿಂತ ಹೆಂಗಸರ ಮೂಳೆ ಮೊದಲೇ ಸವೆಯುತ್ತಿರುತ್ತದೆ. ಸ್ಟೀರಾಯ್ಡ್ ಶುಗರ್, ಬಿಪಿ ಎರಡನ್ನೂ ಏರಿಸುತ್ತದೆ, ಮೂಳೆಯನ್ನು ಇನ್ನಷ್ಟು ಟೊಳ್ಳು ಮಾಡುತ್ತದೆ, ಬಹಳ ದಿನ ತೆಗೆದುಕೊಂಡರೆ ಕಣ್ಣಿಗೆ ಪೊರೆ ತರುತ್ತದೆ.

ರಕ್ತ ಪರೀಕ್ಷೆಯಲ್ಲೂ ಒಂದು ಮೋಸವಿದೆ. ಬಹಳ ಜನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿಸಿ, 100ರ ಆಸುಪಾಸು ಬಂತು ಅಂತ ಖುಷಿಯಿಂದ ಮನೆಗೆ ಬರುತ್ತಾರೆ. ಆದರೆ ಬೆಳಿಗ್ಗೆ ನುಂಗಿದ ಪ್ರೆಡ್ನಿಸೊಲೋನ್ ಶುಗರ್ ಏರಿಸುವುದು ಮಧ್ಯಾಹ್ನದ ಮೇಲೆ, ಸಂಜೆಯ ಹೊತ್ತಿಗೆ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಇಳಿದಿರುತ್ತದೆ. ಹಾಗಾಗಿ ಮಧ್ಯಾಹ್ನ ಊಟವಾಗಿ ಎರಡು ಗಂಟೆಗೆ ನೋಡಿಸಿ. 200 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಗುಳಿಗೆ ಶುರು ಮಾಡುವ ಮೊದಲೊಮ್ಮೆ, ಶುರುವಾದ ಮೊದಲ ವಾರದಲ್ಲೇ ಇನ್ನೊಮ್ಮೆ ನೋಡಿಸಬೇಕು. ಮೊದಲೇ ಶುಗರ್ ಇದ್ದವರು ಇನ್ನೂ ಬೇಗ ಬೇಗ ನೋಡಿಸಬೇಕು.

(ಜಿಮ್ ಹುಡುಗರ ಸ್ಟೀರಾಯ್ಡ್ ಬೇರೆ ಜಾತಿಯದು. ಅದರದೇ ದೊಡ್ಡ ಕಥೆ, ಇನ್ನೊಮ್ಮೆ ಬರೆಯುತ್ತೇವೆ.)

ಚೀಟಿ ಇಲ್ಲದೆ ಈ ಗುಳಿಗೆ ಕೊಡಬಾರದು ಅಂತ ಕಾನೂನು ಇದೆ. ಆದರೂ ಪೊಟ್ಟಣ ತೆಗೆದುಕೊಂಡವರನ್ನು ಬೈಯಲು ನಮಗೆ ಮನಸ್ಸಿಲ್ಲ. ಡಾಕ್ಟರ ಹತ್ತಿರ ಹೋದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜ್ ಬೇರೆ. ಅಂಗಡಿಯ ಪೊಟ್ಟಣಕ್ಕೆ ಐವತ್ತು ರೂಪಾಯಿ. ಹಾಗಿರುವಾಗ ಜನ ಎಲ್ಲಿಗೆ ಹೋಗುತ್ತಾರೆ?

ನಾವು ಕೇಳುವುದು ಸಣ್ಣದು. 30 ದಾಟಿದವರ ಬಿಪಿ, ಶುಗರ್ ನೋಡುವ ವ್ಯವಸ್ಥೆ ಸರ್ಕಾರಿ ಉಪಕೇಂದ್ರಗಳಲ್ಲಿ ಪುಕ್ಕಟೆ ಇದೆ. ಅಲ್ಲಿ ಬೆರಳು ಚುಚ್ಚುವ ಮೊದಲು "ನೋವಿಗೆ ಏನಾದ್ರೂ ಗುಳಿಗೆ ತಗೋತೀರೇನಮ್ಮ, ಪೊಟ್ಟಣ ತೋರಿಸಿ" ಅಂತ ಒಂದು ಮಾತು ಕೇಳಬೇಕು. ಹೌದು ಅಂದವರನ್ನು ಮಧ್ಯಾಹ್ನ ಊಟವಾದ ಮೇಲೆ ಮತ್ತೆ ಕರೆಯಬೇಕು. ಅಂಗಡಿಯವರು ಪೊಟ್ಟಣದ ಮೇಲೆ ಪೆನ್ನಿನಲ್ಲಾದರೂ ಗುಳಿಗೆಯ ಹೆಸರು ಬರೆದುಕೊಡಬೇಕು. ಬರೆಯದಿದ್ದರೆ ನೀವೇ ಕೇಳಿ ಬರೆಸಿಕೊಳ್ಳಿ.

ಈಗಾಗಲೇ ವಾರಗಟ್ಟಲೆ ನುಂಗುತ್ತಿರುವವರು ಇವತ್ತೇ ಎಸೆಯಬೇಡಿ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ಮೈ ತಾನೇ ಮಾಡಿಕೊಳ್ಳುವುದನ್ನು ಕಡಿಮೆ ಮಾಡಿರುತ್ತದೆ. ಒಮ್ಮೆಲೇ ಬಿಟ್ಟರೆ ಬಿಪಿ ಇಳಿದು, ವಾಂತಿ, ತಲೆಸುತ್ತು ಬಂದು ಜೀವಕ್ಕೇ ಕುತ್ತಾಗಬಹುದು. ಡಾಕ್ಟರ ಮಾತಿನಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಆ ತಾಯಿಗೂ ಪೂರ್ತಿ ಬಿಡಿಸಲು ಎರಡು ತಿಂಗಳು ಹಿಡಿಯಿತು. ಮೊಣಕಾಲು ಈಗಲೂ ನೋಯುತ್ತದೆ.