ಸೋಸಿದ ನೀರು, ಕಾಣದ ಕಡಲು

ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ಶ್ರಾವಕನ ನಿತ್ಯಾಚಾರ. ಆಚಾರ ಅಲ್ಲಿಗೇ ಮುಗಿಯದು. ಬಟ್ಟೆಯಲ್ಲುಳಿದ ಸೂಕ್ಷ್ಮ ಜೀವಿಗಳನ್ನು ನೀರು ಸೇದಿದ ಬಾವಿಗೇ ಮೆಲ್ಲನೆ ಮರಳಿಸಬೇಕು. ಕುಡಿಯುವವನ ಆರೋಗ್ಯದಷ್ಟೇ ನೀರೊಳಗಿನ ಜೀವದ ರಕ್ಷಣೆಯೂ ಇಲ್ಲಿ ಮುಖ್ಯ.

ಮಂಗಸೂಳಿಗೆ ಕಡಲು ಬಲುದೂರ. ಆದರೂ ಈ ಭಾಗದ ಹಳ್ಳಗಳ ನೀರು ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆ ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಇಲ್ಲಿ ಎಸೆದ ಪ್ಲಾಸ್ಟಿಕ್ ಚೀಲ ನೆರೆಯಲ್ಲಿ ತೇಲಿ, ಬಿಸಿಲಿಗೆ ಚೂರಾಗಿ, ಮೀನು, ಆಮೆಗಳ ಹೊಟ್ಟೆ ಸೇರಬಲ್ಲದು. ಪ್ರಯೋಜನವಿಲ್ಲದ ಇಂಥ ಹಿಂಸೆಯನ್ನು ಶಾಸ್ತ್ರ ಅನರ್ಥದಂಡವೆಂದಿದೆ; ಅದರ ತ್ಯಾಗವನ್ನು ಗೃಹಸ್ಥನಿಗೆ ಗುಣವ್ರತವಾಗಿ ವಿಧಿಸಿದೆ. ತ್ಯಾಜ್ಯವನ್ನು ಜೀವರಹಿತ ಸ್ಥಳ ನೋಡಿಯೇ ವಿಸರ್ಜಿಸಬೇಕೆಂಬುದು ಮುನಿಗಳ ಉತ್ಸರ್ಗ ಸಮಿತಿ.

ಕರ್ನಾಟಕ ವಿಶ್ವವಿದ್ಯಾಲಯ ಕಾರವಾರದಲ್ಲಿ ಕಡಲ ಜೀವಶಾಸ್ತ್ರವನ್ನು ಬೋಧಿಸುತ್ತ ಬಂದಿದೆ. ಆದರೆ ಕಡಲಿನ ಹೊಣೆ ಕರಾವಳಿಯದಷ್ಟೇ ಅಲ್ಲ. 2010ರಲ್ಲಿ ಸ್ಥಾಪಿತವಾದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕಾರ್ಯಕ್ಷೇತ್ರ ಕೃಷ್ಣೆಯ ಸೀಮೆ. ಅದರ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮೂರ ಹಳ್ಳದ ನೀರನ್ನು ಪರೀಕ್ಷಿಸಿ, ಕಂಡದ್ದನ್ನು ಗ್ರಾಮಸಭೆಯ ಮುಂದಿಡಲಿ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳು ಮುಂಗಾರಿಗೆ ಮುನ್ನವೇ ಹಳ್ಳಗಳ ಕಸ ತೆಗೆಯಲಿ. ಕಾಲೇಜಿನ ಸಮಾರಂಭದಲ್ಲೇ ಪ್ಲಾಸ್ಟಿಕ್ ಲೋಟ ಹಂಚಿದರೆ ಪಾಠವೆಲ್ಲ ವ್ಯರ್ಥ.

ರತ್ನತ್ರಯದಲ್ಲಿ ಜ್ಞಾನದ ಜೊತೆಗೆ ಚಾರಿತ್ರವೂ ಇದೆ. ವಿಶ್ವವಿದ್ಯಾಲಯ ಜ್ಞಾನವನ್ನು ಕೊಡಬಲ್ಲದು. ಚಾರಿತ್ರವನ್ನು ಮನೆ, ಬಸದಿಗಳೂ ಕಲಿಸಬೇಕು. ಮನೆಯಲ್ಲಿ ನೀರು ಸೋಸಿ ಕುಡಿದು, ಪೂಜೆಯ ಊಟದ ಎಂಜಲು ಲೋಟಗಳನ್ನು ಹಳ್ಳಕ್ಕೆ ಸುರಿಯುವ ಶ್ರಾವಕನು ಬಾವಿಯ ಜೀವಿಯನ್ನು ಉಳಿಸಿ ಕಡಲಿನ ಜೀವಿಯನ್ನು ಮರೆತವನು. ಕಣ್ಣಿಗೆ ಕಾಣದ ಜೀವಕ್ಕೂ ಮರುಗುವುದೇ ಅಹಿಂಸೆಯಾದರೆ, ಕಣ್ಣಿಗೆ ಕಾಣದ ಕಡಲೂ ಅದರೊಳಗೇ ಇದೆ.