ಹುಡುಗಿ ಕಾಣೆ, ಅಭಿಪ್ರಾಯ ಹಾಜರು

ಪತ್ತೇದಾರಿ ಕಾದಂಬರಿಯನ್ನು ಓದುವುದು ತಪ್ಪಲ್ಲ, ಓದಿದೆನೆಂದು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದು ಮಾತ್ರ ತಪ್ಪು ಎಂಬ ನಂಬಿಕೆ ನಮ್ಮ ವಿದ್ಯಾವಂತರಲ್ಲಿ ಬಹಳ ಕಾಲದಿಂದ ಇದೆ. ನನಗೆ ಆ ಸಂಕೋಚವಿಲ್ಲ. ಎನ್. ನರಸಿಂಹಯ್ಯನವರ ಪುಸ್ತಕಗಳನ್ನು ಭೂಗೋಳದ ಪಠ್ಯಪುಸ್ತಕದ ನಡುವೆ ಅಡಗಿಸಿಟ್ಟು ಓದಿದ ತಲೆಮಾರಿನವನು ನಾನು. ನಾಲ್ಕನೆಯ ತರಗತಿಯ ಮುಂದೆ ಶಾಲೆ ಕಾಣದ ಆ ಮಹನೀಯರು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಪುಸ್ತಕವೆಂದರೆ ಆಕಳಿಸುತ್ತಿದ್ದ ಜನರಿಗೆ ಓದುವ ಚಟ ಹತ್ತಿಸಿದರು. ಅವರು ಬರೆಯುತ್ತಿದ್ದ ಕಾಲದಲ್ಲಿಯೇ ತ್ರಿವೇಣಿಯವರು ಮನಸ್ಸಿನ ಒಳಕೋಣೆಗಳನ್ನು ತೆರೆದು ತೋರಿಸಿದರು. ರಹಸ್ಯವೂ ಮನಶ್ಶಾಸ್ತ್ರವೂ ಕೂಡಿದ ಕಾದಂಬರಿ ಇಂದು ಪ್ರಪಂಚದಲ್ಲೆಲ್ಲ ಬಿಸಿ ದೋಸೆಯಂತೆ ಖರ್ಚಾಗುತ್ತಿದ್ದರೆ, ಅದರ ಎರಡು ಬೇರುಗಳೂ ನಮಗೆ ಅಪರಿಚಿತವಲ್ಲ. ಆದುದರಿಂದ ನನ್ನ ಜಗಳ ಪುಸ್ತಕದೊಡನೆ ಅಲ್ಲ, ಪುಸ್ತಕವನ್ನು ಓದಿ ಮುಗಿಸಿ ಬಾಯಿ ತೆರೆಯುವವರೊಡನೆ. ಅವರಲ್ಲಿ ನಾನೂ ಒಬ್ಬನಾಗಿದ್ದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಕಳೆದ ದೀಪಾವಳಿಯಲ್ಲಿ ತ್ಯಾವಣಿಗೆಯ ನಮ್ಮ ಮನೆಯಲ್ಲಿ ಬಂಧುಗಳೆಲ್ಲ ಸೇರಿದ್ದರು. ಊಟವಾದ ಮೇಲೆ ಜಗಲಿಯಲ್ಲಿ ಎಲೆ ಅಡಿಕೆಯ ತಟ್ಟೆಯ ಸುತ್ತ ಕುಳಿತಾಗ ಮಾತು ಗಿಲಿಯನ್ ಫ್ಲಿನ್ ಎಂಬ ಅಮೆರಿಕದ ಲೇಖಕಿ 2012ರಲ್ಲಿ ಬರೆದ ‘ಗಾನ್ ಗರ್ಲ್’ ಕಾದಂಬರಿಯ ಕಡೆ ಹೊರಳಿತು. ದಾವಣಗೆರೆಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಅದನ್ನು ಆಗ ತಾನೆ ಮುಗಿಸಿದ್ದಳು. ಬೆಂಗಳೂರಿನಿಂದ ಬಂದ ಅಳಿಯ ಹಿಂದೆಯೇ ಓದಿದ್ದ. ಉಳಿದವರು 2014ರಲ್ಲಿ ಬಂದ ಸಿನಿಮಾವನ್ನು ಮೊಬೈಲಿನಲ್ಲಿ ನೋಡಿದ್ದರು. ಓದದವರೂ ನೋಡದವರೂ ಕಥೆ ಕೇಳಿಕೊಂಡು ಅಭಿಪ್ರಾಯ ಹೇಳಲು ಸಿದ್ಧರಾದರು.

ಕಥೆ ಇಷ್ಟು. ಐದನೆಯ ವರ್ಷದ ವಿವಾಹ ವಾರ್ಷಿಕೋತ್ಸವದ ದಿನ ಏಮಿ ಎಂಬವಳು ಮನೆಯಿಂದ ಕಾಣೆಯಾಗುತ್ತಾಳೆ. ಗಂಡ ನಿಕ್‌ನ ಮೇಲೆ ಎಲ್ಲರ ಗುಮಾನಿ. ಒಂದು ಅಧ್ಯಾಯ ಗಂಡನ ಮಾತು, ಮತ್ತೊಂದು ಏಮಿಯ ದಿನಚರಿ. ದಿನಚರಿ ಓದಿದವರು ಅಯ್ಯೋ ಪಾಪ, ಎಂಥ ಸಾಧ್ವಿ ಎನ್ನುತ್ತಾರೆ. ಅರ್ಧ ಪುಸ್ತಕವಾದ ಮೇಲೆ ತಿಳಿಯುತ್ತದೆ: ದಿನಚರಿ ಸುಳ್ಳು, ಕಾಣೆಯಾದದ್ದು ನಾಟಕ, ಗಂಡನನ್ನು ನೇಣಿಗೆ ಹಾಕಿಸಲು ಆಕೆಯೇ ಹೂಡಿದ ಸಂಚು. ಮುಂದೆ ಆಕೆ ಕೊಲೆಯನ್ನೂ ಮಾಡುತ್ತಾಳೆ.

ಜಗಲಿಯ ಅಭಿಪ್ರಾಯಗಳನ್ನು ಕೇಳಿ. ಪಕ್ಕದ ಮನೆಯ ಅಡಿಕೆ ತೋಟದವರು, “ಗಂಡ ಪಾಪದೋನು ಮೇಷ್ಟ್ರೇ, ಬಲಿಗೆ ಬಿದ್ದ” ಎಂದರು. ನನ್ನ ತಂಗಿ, “ಅವನೂ ಇನ್ನೊಬ್ಬಳ ಸಹವಾಸ ಮಾಡಿದ್ನಲ್ಲ, ಆದರೂ ಹೆಣ್ಣಾದವಳು ಅಷ್ಟು ದೂರ ಹೋಗಬಾರದಾಗಿತ್ತು” ಎಂದು ಎರಡು ತಟ್ಟೆಯನ್ನೂ ಸರಿದೂಗಿಸಿದಳು. ಅಳಿಯ ಬ್ಯಾಂಕಿನವನು, ಲೆಕ್ಕ ಮುಗಿಸುವ ಅಭ್ಯಾಸ. “ಕಾಣೆಯಾದೋರೆಲ್ಲ ನಿಜವಾಗ್ಲೂ ಕಾಣೆಯಾಗಿರ್ತಾರೆ ಅಂತ ನಂಬಬಾರದು ಮಾವ, ಅದೇ ಈ ಪುಸ್ತಕದ ನೀತಿ” ಎಂದು ತೀರ್ಪು ಕೊಟ್ಟ. ಎಲ್ಲರೂ ತಲೆಯಾಡಿಸಿದರು.

ಮೊಮ್ಮಗಳು ಮಾತ್ರ ಸುಮ್ಮನಿರಲಿಲ್ಲ. “ಅಜ್ಜ, ಡೈರಿ ಓದುವಾಗ ಎಲ್ಲರೂ ಅವಳ ಕಡೆಗೇ ಇದ್ರಲ್ಲ, ಅವಳು ಒಳ್ಳೆಯವಳು ಅಂತ ತಾನೆ? ಒಳ್ಳೆಯವಳಲ್ಲ ಅಂತ ಮೊದಲೇ ಗೊತ್ತಿದ್ದಿದ್ರೆ ಯಾರಾದ್ರೂ ಹುಡುಕ್ತಿದ್ರಾ?” ಎಂದಳು. ಯಾರೂ ಉತ್ತರ ಹೇಳಲಿಲ್ಲ. ಎಲೆ ಅಡಿಕೆಯ ತಟ್ಟೆ ಮತ್ತೊಂದು ಸುತ್ತು ಬಂತು.

ಆ ಹುಡುಗಿ ಒಂದು ಮಾತಿನಲ್ಲಿ ಹೇಳಿದ್ದನ್ನೇ ನಾನು ಇಲ್ಲಿ ಹಿಗ್ಗಿಸಿ ಬರೆಯುತ್ತಿದ್ದೇನೆ. ಕಾದಂಬರಿಕಾರ್ತಿ ಬಲೆ ಬೀಸಿದ್ದು ಗಂಡನಿಗಲ್ಲ, ಓದುಗರಿಗೆ. ಕಾಣೆಯಾದವಳ ಮೇಲೆ ನಮಗೆ ಹುಟ್ಟುವ ಮರುಕ ಆಕೆ ಕಾಣೆಯಾದಳೆಂಬುದಕ್ಕಲ್ಲ, ಆಕೆ ಒಳ್ಳೆಯವಳೆಂಬುದಕ್ಕೆ ಎಂದು ಆಕೆ ನಮ್ಮ ಕೈಯಿಂದಲೇ ಒಪ್ಪಿಸುತ್ತಾಳೆ. ಅದೇ ಪುಸ್ತಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಏಮಿಯ ತಂದೆತಾಯಿಗಳು ಮಕ್ಕಳ ಪುಸ್ತಕ ಬರೆಯುವವರು. ಮಗಳ ಹೆಸರಿನಲ್ಲೇ ಒಬ್ಬ ಆದರ್ಶ ಬಾಲಿಕೆಯನ್ನು ಸೃಷ್ಟಿಸಿ, ಮಗಳು ಸೋತಲ್ಲೆಲ್ಲ ಪುಸ್ತಕದ ಬಾಲಿಕೆಯನ್ನು ಗೆಲ್ಲಿಸಿ ಹಣ ಮಾಡಿದವರು. ಅಂದರೆ ಈಕೆ ಕಾಣೆಯಾಗುವುದಕ್ಕೆ ಮೂವತ್ತು ವರ್ಷ ಮೊದಲೇ ವಾಚಕರ ಅಭಿಪ್ರಾಯಕ್ಕೆ ಒಪ್ಪಿಸಲ್ಪಟ್ಟವಳು. ಇದನ್ನು ಬಿಟ್ಟು ‘ಹೆಂಗಸರು ನಾಟಕ ಮಾಡುತ್ತಾರೆ’ ಎಂಬ ನೀತಿಯನ್ನು ಹೆಕ್ಕಿ ತೆಗೆಯುವ ಓದಿಗೆ ಏನೆನ್ನಬೇಕು? ಏಮಿ ದುಷ್ಟೆ, ಒಪ್ಪಿದೆ. ಶಕುನಿಯೂ ದುಷ್ಟನೇ. ಭಾರತ ಕೇಳಿ ಬಂದ ಮೇಲೆ ಯಾರೂ ತಮ್ಮ ಸೋದರಮಾವನನ್ನು ಮನೆಯಿಂದ ಹೊರಗೆ ಹಾಕಿದ್ದನ್ನು ನಾನು ಕಂಡಿಲ್ಲ. ಒಬ್ಬ ಮಾವನ ಕೇಡು ಒಬ್ಬನದೇ ಆಗಿ ಉಳಿಯುತ್ತದೆ. ಒಬ್ಬ ಹೆಣ್ಣಿನ ಕೇಡು ಮಾತ್ರ ಹೆಣ್ಣುಕುಲಕ್ಕೆಲ್ಲ ಹಂಚಿಹೋಗುತ್ತದೆ. ಈ ಗಣಿತ ಪುಸ್ತಕದಲ್ಲಿಲ್ಲ, ಓದುವವನು ಮನೆಯಿಂದ ತಂದದ್ದು.

ಇದು ಇಂದಿನ ಚಾಳಿಯೂ ಅಲ್ಲ. ನ್ಯೂಯಾರ್ಕಿನ ಹೊಗೆಸೊಪ್ಪಿನ ಅಂಗಡಿಯೊಂದರಲ್ಲಿ ಚುಟ್ಟಾ ಮಾರುತ್ತಿದ್ದ ಮೇರಿ ರಾಜರ್ಸ್ ಎಂಬ ಹುಡುಗಿ 1838ರಲ್ಲಿ ಒಮ್ಮೆ ಕಾಣೆಯಾಗಿ ಮರಳಿ ಬಂದಾಗ, ಅದೆಲ್ಲ ಬರಿಯ ಹುಸಿ ಸುದ್ದಿಯೆಂದು ಪತ್ರಿಕೆಗಳು ಆಡಿದವು. 1841ರ ಜುಲೈನಲ್ಲಿ ಮತ್ತೆ ಕಾಣೆಯಾದಳು. ಈ ಸಲ ಹಡ್ಸನ್ ನದಿಯಲ್ಲಿ ಹೆಣ ಸಿಕ್ಕಿತು. ಎಡ್ಗರ್ ಅಲನ್ ಪೋ ಆ ಪ್ರಸಂಗವನ್ನು ಪ್ಯಾರಿಸಿಗೆ ಸಾಗಿಸಿ, ಹುಡುಗಿಗೆ ಮಾರೀ ರೋಜೆ ಎಂದು ಹೆಸರಿಟ್ಟು, 1842–43ರಲ್ಲಿ ಕಥೆ ಪ್ರಕಟಿಸಿದ. ಆ ಕಥೆಯ ಪತ್ತೇದಾರ ದ್ಯುಪಾಂ ಹೆಣ ಸಿಕ್ಕಿದ ಸ್ಥಳಕ್ಕೆ ಹೋಗುವುದಿಲ್ಲ; ಆರಾಮಕುರ್ಚಿಯಲ್ಲಿ ಕುಳಿತು ಪತ್ರಿಕೆಗಳನ್ನು ತಿರುವಿ ಹಾಕಿಯೇ ಸಿದ್ಧಾಂತಕ್ಕೆ ಬರುತ್ತಾನೆ. ಕಾಣೆಯಾದ ನಿಜ ಹುಡುಗಿಯೊಬ್ಬಳ ಮೇಲೆ ಹುಟ್ಟಿದ ಮೊದಮೊದಲ ಪತ್ತೇದಾರಿ ಕಥೆಯ ನಾಯಕನೂ ನಮ್ಮಂಥ ಒಬ್ಬ ವಾಚಕನೇ ಎಂಬುದು ಸೋಜಿಗ. ಮೇರಿ ರಾಜರ್ಸ್‌ಳನ್ನು ಕೊಂದವರು ಯಾರೆಂದು ಇಂದಿಗೂ ಇತ್ಯರ್ಥವಾಗಿಲ್ಲ. ಅಭಿಪ್ರಾಯಗಳಿಗೆ ಮಾತ್ರ ಬರ ಬರಲಿಲ್ಲ.

ಪತ್ತೇದಾರಿ ಕಥೆಗಳ ರಾಣಿಗೂ ಇದು ತಪ್ಪಲಿಲ್ಲ. 1926ರ ಡಿಸೆಂಬರ್ 3ರ ರಾತ್ರಿ ಅಗಾಥಾ ಕ್ರಿಸ್ಟಿ ಮನೆಯಿಂದ ಕಾರಿನಲ್ಲಿ ಹೊರಟು ಕಾಣೆಯಾದಳು. ಹನ್ನೊಂದು ದಿನಗಳ ಮೇಲೆ ಹ್ಯಾರೊಗೇಟ್ ಎಂಬ ಊರಿನ ಹೋಟೆಲೊಂದರಲ್ಲಿ, ಬೇರೊಂದು ಹೆಸರಿನಲ್ಲಿ ತಂಗಿದ್ದುದು ಪತ್ತೆಯಾಯಿತು. ಆ ವರ್ಷವೇ ಆಕೆಯ ತಾಯಿ ತೀರಿಕೊಂಡಿದ್ದಳು. ಗಂಡ ಬೇರೊಬ್ಬಳನ್ನು ಮೆಚ್ಚಿ ವಿಚ್ಛೇದನ ಕೇಳಿದ್ದ. ಹೋಟೆಲಿನಲ್ಲಿ ಬರೆಸಿದ ಹೆಸರಿನಲ್ಲಿ ಆ ಬೇರೊಬ್ಬಳ ಕುಲನಾಮವಿತ್ತು. ಒಂದು ಮನಸ್ಸು ಮುರಿದುಬಿದ್ದುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೂ ಪುಸ್ತಕಗಳು ಹೆಚ್ಚು ಖರ್ಚಾಗಲೆಂದು ಮಾಡಿದ ಹೂಟ ಇದು ಎಂದು ಆಕೆಯ ಓದುಗರಲ್ಲೇ ಎಷ್ಟೋ ಜನ ಆಡಿಕೊಂಡರು. ಆಕೆ ತೀರಿಕೊಂಡ ಮೇಲೆ 1977ರಲ್ಲಿ ಹೊರಬಂದ ಆತ್ಮಕಥೆಯಲ್ಲಿ ಆ ಹನ್ನೊಂದು ದಿನಗಳ ಮಾತಿಲ್ಲ.

‘ಇದೆಲ್ಲ ಕಾಲಕ್ಷೇಪದ ಹರಟೆ, ಜಗಲಿಯ ಮಾತಿನಿಂದ ಯಾರಿಗೇನು ನಷ್ಟ?’ ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ತಪ್ಪನ್ನೇ ಮುಂದಿಡುತ್ತೇನೆ.

ಇಪ್ಪತ್ತು ವರ್ಷಗಳಿಗೂ ಹಿಂದೆ ನಾನು ಬೇರೊಂದು ಊರಿನಲ್ಲಿ ಮಾಸ್ತರನಾಗಿದ್ದೆ. ಊರಿನ ಹೆಸರು ಬೇಡ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದು ಮಧ್ಯಾಹ್ನ ಹೊರಗೆ ಹೋದವಳು ಮರಳಿ ಬರಲಿಲ್ಲ. ಕತ್ತಲಾದ ಮೇಲೆ ತಂದೆ ನನ್ನ ಬಾಗಿಲಿಗೆ ಬಂದು, “ಸ್ಟೇಷನ್ನಿಗೆ ಹೋಗೋದೋ ಬೇಡವೋ, ನೀವು ತಿಳಿದೋರು ಹೇಳಿ” ಎಂದ. ನಾನು ತಿಳಿದವನು, ಕಾಣೆಯಾದ ಹುಡುಗಿಯರ ಕಥೆಗಳನ್ನು ಕಪಾಟು ತುಂಬ ಓದಿದವನು. ಆ ಕಥೆಗಳಲ್ಲಿ ಹುಡುಗಿ ಹೋದಲ್ಲೆಲ್ಲ ಒಬ್ಬ ಹುಡುಗ ಇರುತ್ತಿದ್ದ. “ಎರಡು ದಿನ ನೋಡಿ, ಬಂದಾಳು. ಪೋಲೀಸು ಅಂದರೆ ನಾಳೆ ಮದುವೆಗೆ ತೊಂದರೆ” ಎಂದೆ. ಆತ ಕೈಮುಗಿದು ಹೋದ. ಎರಡು ದಿನ ನಾಲ್ಕಾಯಿತು. ಅಷ್ಟರಲ್ಲಿ ಊರು ಅವಳ ಕಥೆಯನ್ನು ಪೂರ್ತಿ ಬರೆದಿತ್ತು: ಹುಡುಗ ಯಾರು, ಬಸ್ಸು ಯಾವುದು, ಸೀರೆ ಎಂಥದು. ಐದನೆಯ ದಿನ ಅವಳೇ ಬಂದಳು. ಯಾರೂ ಅವಳನ್ನು ಏನೂ ಕೇಳಲಿಲ್ಲ. ಕೇಳುವ ಅಗತ್ಯ ಯಾರಿಗಿತ್ತು? ಶಾಲೆ ನಿಂತಿತು, ಆ ವರ್ಷವೇ ಮದುವೆಯಾಯಿತು.

ಎಷ್ಟೋ ವರ್ಷಗಳ ಮೇಲೆ ಆಕೆ ತನ್ನ ಮಗಳನ್ನು ಶಾಲೆಗೆ ಸೇರಿಸಲು ಬಂದಾಗ ನನ್ನ ಮೇಜಿನ ಎದುರು ನಿಂತು ತಾನಾಗಿ ಹೇಳಿದಳು. ಗಣಿತದಲ್ಲಿ ನಪಾಸಾಗಿದ್ದಳು. ಅಪ್ಪನ ಭಯಕ್ಕೆ ಬಸ್ಸು ಹತ್ತಿ ಸೋದರತ್ತೆಯ ಊರಿಗೆ ಹೋದಳು; ಅತ್ತೆಯ ಮನೆಗೆ ಬೀಗ. ಮರಳಲು ಕಾಸಿಲ್ಲ. ಗುಡಿಯ ಮುಂದೆ ಹೂ ಮಾರುವ ಮುದುಕಿಯೊಬ್ಬಳು ಅವಳನ್ನು ಇಟ್ಟುಕೊಂಡು ಊಟ ಹಾಕಿ, ಜ್ವರ ಬಿಟ್ಟ ಮೇಲೆ ಬಸ್ಸಿಗೆ ಕಾಸು ಕೊಟ್ಟು ಕಳಿಸಿದಳು. “ಆ ಅಜ್ಜಿ ಇಲ್ದೆ ಹೋಗಿದ್ರೆ ಏನಾಗ್ತಿತ್ತೋ ಸಾರ್” ಎಂದಳು. ಅವಳಿಗೆ ಗಣಿತ ಕಲಿಸಿದವನು ನಾನೇ. ನಾಲ್ಕು ದಿನ ಯಾರೂ ಹುಡುಕದಂತೆ ನೋಡಿಕೊಂಡವನೂ ನಾನೇ. ಅಭಿಪ್ರಾಯದಿಂದ ಯಾರಿಗೂ ನಷ್ಟವಿಲ್ಲ ಎಂಬ ಮಾತನ್ನು ಅಂದಿನಿಂದ ನಾನು ಸಹಿಸಲಾರೆ.

ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯನ್ನು ನೆನೆಯಿರಿ. ಮನಸ್ಸಿನ ಕಾಯಿಲೆ ವಾಸಿಯಾಗಿ ಮನೆಗೆ ಬಂದವಳನ್ನು ಕಾಯಿಲೆಯಲ್ಲ, ಸುತ್ತಲಿನವರ ನೋಟ ಮತ್ತು ಪಿಸುಮಾತು ಮುತ್ತುತ್ತವೆ. ಪುಸ್ತಕವನ್ನು ಓದಿ, ಚಿತ್ರಮಂದಿರದಲ್ಲಿ ಕಲ್ಪನಾ ಅವರ ಕಾವೇರಿಯನ್ನು ಕಂಡು ಅತ್ತವರೆಷ್ಟೋ ಜನ. ಕರವಸ್ತ್ರ ಹಿಂಡಿ ಮನೆಗೆ ಬಂದು, ಮರಳಿ ಬಂದ ಪಕ್ಕದ ಮನೆಯ ಹುಡುಗಿಯ ಬಗ್ಗೆ ಅದೇ ಪಿಸುಮಾತು ಆಡಿದವರೂ ಅವರಲ್ಲೇ ಇದ್ದರು ಎಂಬುದು ನನ್ನ ಗುಮಾನಿ.

ನಾವು ಕಾಣದ್ದನ್ನು ನ್ಯಾಯಾಲಯ ಕಂಡಿತು. ಬಚಪನ್ ಬಚಾವೋ ಆಂದೋಲನ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2013ರ ಮೇ 10ರಂದು ಆಜ್ಞೆ ಮಾಡಿತು: ಮಗು ಕಾಣೆಯಾದ ದೂರು ಬಂದರೆ ಎಫ್.ಐ.ಆರ್. ದಾಖಲಿಸಲೇಬೇಕು, ತನಿಖೆಯಿಂದ ಬೇರೆಯೆಂದು ತಿಳಿಯುವ ತನಕ, ಮಗುವನ್ನು ಯಾರೋ ಅಪಹರಿಸಿದ್ದಾರೆ ಇಲ್ಲವೆ ಸಾಗಿಸಿದ್ದಾರೆ ಎಂದೇ ಭಾವಿಸಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಂಹಿತೆಯ ಪ್ರಕಾರ, ಸರಹದ್ದು ತಮ್ಮದಲ್ಲವೆಂದು ಠಾಣೆಯವರು ದೂರು ತಳ್ಳಿಹಾಕುವಂತಿಲ್ಲ. ಮಕ್ಕಳ ನೆರವಿಗೆ 1098 ಎಂಬ ದೂರವಾಣಿಯೂ ಇದೆ. ಆ ಆಜ್ಞೆಯ ತಾತ್ಪರ್ಯವನ್ನು ಗಮನಿಸಿ. ಹುಡುಗಿ ಎಂಥವಳು, ಯಾರೊಡನೆ ಮಾತಾಡುತ್ತಿದ್ದಳು ಎಂಬುದು ಹುಡುಕಾಟಕ್ಕೆ ಸುಳಿವಾಗಬಹುದೇ ಹೊರತು, ಹುಡುಕಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಆಧಾರವಾಗಕೂಡದು. ಕಾನೂನು ಬದಲಾಗಿದೆ. ಠಾಣೆಯ ಮೆಟ್ಟಿಲು ಹತ್ತುವುದಕ್ಕೆ ಮುಂಚೆ ತಂದೆ ನಿಲ್ಲುವ ಜಗಲಿ ಮಾತ್ರ ಬದಲಾಗಿಲ್ಲ.

ಇನ್ನೊಂದು ಗುಂಪು ಬೇರೊಂದು ದಾರಿ ಹಿಡಿಯುತ್ತದೆ: ‘ಇಂಥ ಪುಸ್ತಕ ಓದಿಯೇ ಹುಡುಗಿಯರು ಕೆಡುವುದು; ಓದುವುದನ್ನು ನಿಲ್ಲಿಸಿ.’ ಅಂದು ನಮ್ಮ ಜಗಲಿಯಲ್ಲಿ ಆ ಪುಸ್ತಕವನ್ನು ಸರಿಯಾಗಿ ಓದಿದ್ದವಳು ಒಬ್ಬ ಹುಡುಗಿಯೇ ಎಂಬುದನ್ನು ಅವರಿಗೆ ನಿವೇದಿಸುತ್ತೇನೆ. ಕಾದಂಬರಿಯ ವೇಗ ಕಡಿಮೆಯಾಯಿತೇ, ಮುಕ್ತಾಯ ಹೊಂದಲಿಲ್ಲವೇ, ತಿರುವು ಮೊದಲೇ ತಿಳಿಯಿತೇ? ಧಾರಾಳವಾಗಿ ಹೇಳಿ, ಅದು ಓದುಗನ ಹಕ್ಕು. ಆದರೆ ಹುಡುಗಿಗೆ ಅಂಕ ಕೊಡುವುದನ್ನು ವಿಮರ್ಶೆ ಎನ್ನಬೇಡಿ.

ನಮ್ಮ ಚನ್ನಗಿರಿ ತಾಲ್ಲೂಕಿನಲ್ಲಿ ಸೂಳೆಕೆರೆ ಇದೆ. ಶಾಂತಿಸಾಗರವೆಂದು ಹೆಸರಿಟ್ಟರೂ ಜನ ಕರೆಯುವುದು ಹಳೆಯ ಹೆಸರಿನಿಂದಲೇ. ಅದನ್ನು ಕಟ್ಟಿಸಿದವಳು ಶಾಂತವ್ವನೆಂಬ ರಾಜಕುಮಾರಿ, ತನ್ನ ನಡತೆಯ ಬಗ್ಗೆ ತಂದೆಯಿಂದಲೇ ಮಾತು ಕೇಳಿದವಳು ಎಂದು ಸ್ಥಳಪುರಾಣ. ಜಾಗ ಬಿಟ್ಟುಕೊಟ್ಟ ಸೂಳೆಯರು ಕೆರೆಗೆ ತಮ್ಮ ಹೆಸರು ಉಳಿಯಬೇಕೆಂದು ಕೇಳಿದರಂತೆ, ಅವಳು ಒಪ್ಪಿದಳಂತೆ. ಅವರ ನಡತೆಯ ಪ್ರಮಾಣಪತ್ರವನ್ನು ಅವಳು ಕೇಳಿದಳೆಂದು ಯಾರೂ ಹೇಳುವುದಿಲ್ಲ.

ಬರುವ ದೀಪಾವಳಿಗೆ ಮೊಮ್ಮಗಳು ಇನ್ನೊಂದು ಪುಸ್ತಕ ತರುತ್ತಾಳೆ. ಅಳಿಯನೂ ಬರುತ್ತಾನೆ. ಎಲೆ ಅಡಿಕೆಯ ತಟ್ಟೆ ಸಿದ್ಧವಿರುತ್ತದೆ, ವಾದಕ್ಕೆ ನಾನೂ ಸಿದ್ಧ. ಆದರೆ ಆ ರಾತ್ರಿ ಯಾರಾದರೂ ತಂದೆ ಬಂದು ಬಾಗಿಲು ತಟ್ಟಿ, ಮಗಳು ಬಂದಿಲ್ಲವೆಂದರೆ, ಅವಳು ಎಂಥವಳೆಂದು ನಾನು ಕೇಳುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅವನೊಡನೆ ಠಾಣೆಗೆ ಹೋಗುತ್ತೇನೆ.