ಗಣಕವಿದ್ಯೆಯ ಓನಾಮ

ಕಂಪ್ಯೂಟರಿಗೆ ಆಜ್ಞೆಗಳನ್ನು ಬರೆಯುವ ವಿದ್ಯೆಯು, ಎಂದರೆ ಪ್ರೋಗ್ರಾಮಿಂಗ್ ಎಂದು ಎಲ್ಲರೂ ಕರೆಯುವ ವಿದ್ಯೆಯು, ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಲು ಹತ್ತಿದವರಿಗೂ ಇಂಗ್ಲಿಷನ್ನು ಸರಾಗವಾಗಿ ಆಡುವವರಿಗೂ ಮಾತ್ರ ಸಲ್ಲತಕ್ಕದ್ದೆಂಬ ಭಾವನೆಯು ನಮ್ಮ ಜಿಲ್ಲಾ ಪಟ್ಟಣಗಳಲ್ಲಿ ಬೇರೂರಿದೆ. ಈ ಭಾವನೆಯು ನಿರಾಧಾರವಾದುದು. ಅಷ್ಟೇ ಅಲ್ಲ, ನಾಡಿಗೆ ಹಾನಿಕರವಾದುದು.

ಹಾನಿ ಯಾವುದೆಂದು ಕೇಳುವವರಿಗೆ ನಮ್ಮ ಪಹಣಿಯನ್ನೇ ತೋರಿಸುತ್ತೇವೆ. ೨೦೦೦ನೆಯ ಇಸವಿಯ ಸುಮಾರಿಗೆ ‘ಭೂಮಿ’ ಯೋಜನೆಯ ಮೂಲಕ ಈ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಗ್ರಾಮಲೆಕ್ಕಿಗರ ದಫ್ತರುಗಳಿಂದ ಗಣಕಯಂತ್ರಕ್ಕೆ ಏರಿದವು. ಅದರಿಂದ ರೈತನಿಗೆ ಉಪಕಾರವಾಯಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಅಂದಿನಿಂದ ರೈತನ ಹಕ್ಕು, ವಿಧವೆಯ ಮಾಸಾಶನ, ವಿದ್ಯಾರ್ಥಿಯ ವೇತನ, ಇವೆಲ್ಲವೂ ಯಾರೋ ಎಲ್ಲಿಯೋ ಕುಳಿತು ಬರೆದ ಆಜ್ಞೆಗಳ ಸಾಲಿಗೆ ಅಧೀನವಾಗುತ್ತ ಬಂದಿವೆ. ಅರ್ಜಿದಾರನು ಕಚೇರಿಗೆ ಹೋದರೆ ‘ಸಿಸ್ಟಮ್ ಒಪ್ಪುತ್ತಿಲ್ಲ’ ಎಂಬ ಉತ್ತರ ಬರುತ್ತದೆ. ಉತ್ತರ ಹೇಳುವ ಗುಮಾಸ್ತನಿಗೂ ಅದು ಏಕೆ ಒಪ್ಪುತ್ತಿಲ್ಲವೆಂದು ತಿಳಿಯದು. ಅವನ ಮೇಲಧಿಕಾರಿಗೂ ತಿಳಿಯದು. ಸಿಸ್ಟಮ್ ಎಂಬುದು ದೈವವಲ್ಲ. ಮನುಷ್ಯನು ಬರೆದ ಬರಹ. ಬರಹವೆಂದ ಮೇಲೆ ಅದರಲ್ಲಿ ತಪ್ಪಿರಬಹುದು, ಅನ್ಯಾಯವಿರಬಹುದು, ತಿದ್ದುವುದಕ್ಕೂ ಬರಬಹುದು. ಇಷ್ಟನ್ನು ತಿಳಿದ ಪ್ರಜೆಯು ‘ಯಾವ ನಿಯಮದಂತೆ ಒಪ್ಪುವುದಿಲ್ಲ?’ ಎಂದು ಕೇಳುತ್ತಾನೆ. ತಿಳಿಯದವನು ಕೈಮುಗಿದು ಹಿಂದಿರುಗುತ್ತಾನೆ. ಸ್ವರಾಜ್ಯದಲ್ಲಿ ಕೈಮುಗಿದು ಹಿಂದಿರುಗುವ ಪ್ರಜೆಗಳ ಸಂಖ್ಯೆ ಹೆಚ್ಚಬಾರದು.

ಹಾಗಾದರೆ ಈ ವಿದ್ಯೆಯು ಅಷ್ಟು ದುಸ್ಸಾಧ್ಯವೇ? ಅಲ್ಲವೆಂದು ೧೯೬೪ರಲ್ಲಿಯೇ ಸಿದ್ಧವಾಯಿತು. ಆ ವರ್ಷ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕೆಮೆನಿ ಮತ್ತು ಕರ್ಟ್ಸ್ ಎಂಬ ಇಬ್ಬರು ಗಣಿತಾಧ್ಯಾಪಕರು, ವಿಜ್ಞಾನವನ್ನು ಓದದ ವಿದ್ಯಾರ್ಥಿಗಳೂ ಕಲಿಯಲೆಂದು ‘ಬೇಸಿಕ್’ ಎಂಬ ಸುಲಭವಾದ ಗಣಕಭಾಷೆಯನ್ನು ರಚಿಸಿದರು. ೧೯೯೧ರಲ್ಲಿ ನೆದರ್ಲೆಂಡ್ಸಿನ ಗೀಡೊ ವಾನ್ ರೋಸಮ್ ಎಂಬವರು ಹೊರತಂದ ‘ಪೈಥಾನ್’ ಈಗ ಹೊಸಬರ ಮೊದಲ ಪಾಠವಾಗಿದೆ. ಅದಕ್ಕೆ ಕ್ರಯವಿಲ್ಲ. ಅದರಲ್ಲಿ ಮೀಸಲಾದ ಶಬ್ದಗಳು ಸುಮಾರು ೩೫ ಮಾತ್ರ; ನಮ್ಮ ವರ್ಣಮಾಲೆಯ ಅಕ್ಷರಗಳಿಗಿಂತಲೂ ಕಡಿಮೆ.

ಮಗ್ಗಿ ಕಲಿತವನು ಪ್ರೋಗ್ರಾಮನ್ನು ಕಲಿಯಬಲ್ಲನು. ಹದಿನೇಳರ ಮಗ್ಗಿಯನ್ನು ಯಂತ್ರದಿಂದ ಹೇಳಿಸುವುದೇ ಮೊದಲ ಪಾಠವಾಗಲಿ. ೧ ಮತ್ತು ೧೦ ಎಂಬ ಎಲ್ಲೆಗಳನ್ನು ಕೊಟ್ಟರೆ ಪೈಥಾನ್ ಒಂಬತ್ತಕ್ಕೇ, ಎಂದರೆ ೧೫೩ಕ್ಕೇ, ನಿಂತುಬಿಡುತ್ತದೆ, ೧೭೦ ಬರುವುದಿಲ್ಲ. ಮೇಲಿನ ಎಲ್ಲೆಯನ್ನು ಅದು ಲೆಕ್ಕಕ್ಕೆ ಸೇರಿಸದು. ೧೧ ಎಂದು ಹೇಳಬೇಕು. ಇನ್ನೊಬ್ಬನು ೫ ಮತ್ತು ೭ನ್ನು ಕೀಲಿಮಣೆಯಿಂದ ಕೊಟ್ಟು ಕೂಡಿಸೆಂದರೆ ೫೭ ಎಂಬ ಉತ್ತರ ಬರುತ್ತದೆ. ಏಕೆಂದರೆ ಕೀಲಿಮಣೆಯಿಂದ ಬಂದುದನ್ನು ಯಂತ್ರವು ಅಕ್ಷರವೆಂದೇ ತಿಳಿಯುತ್ತದೆ, ಸಂಖ್ಯೆಯೆಂದು ತಿಳಿಸಿದ ಮೇಲೆಯೇ ೧೨ ಎನ್ನುತ್ತದೆ. ಹೊಸಬರು ಇಂತಹ ಎಡವುಗಳಿಗೆ ಹೆದರಿ ತಮಗೆ ಬುದ್ಧಿ ಸಾಲದೆಂದು ಬಿಟ್ಟುಬಿಡುತ್ತಾರೆ. ಇದು ತಪ್ಪು. ಬುದ್ಧಿ ಸಾಲದಿರುವುದು ಯಂತ್ರಕ್ಕೆ. ಅದು ಹೇಳಿದಷ್ಟನ್ನೇ ಮಾಡುತ್ತದೆ, ಇಂಗಿತವನ್ನು ಅರಿಯದು. ತಪ್ಪು ಯಾವ ಸಾಲಿನಲ್ಲಿದೆಯೆಂದು ಅದು ಬಹುಮಟ್ಟಿಗೆ ತಾನೇ ಸೂಚಿಸುತ್ತದೆ. ಆ ಸೂಚನೆಯನ್ನು ಓದುವ ತಾಳ್ಮೆ ಇರಬೇಕು. ನಿತ್ಯ ಒಂದು ಗಂಟೆ, ಪಾಠವನ್ನು ಸ್ವಹಸ್ತದಿಂದ ಬರೆದು, ಒಂದೊಂದು ಸಾಲನ್ನು ಬದಲಿಸಿ, ಉತ್ತರವೇನು ಬರುವುದೆಂದು ಮೊದಲೇ ಊಹಿಸಿ, ಆಮೇಲೆ ಯಂತ್ರವನ್ನು ಕೇಳತಕ್ಕದ್ದು. ಹಾಲಿನ ಲೆಕ್ಕ, ಸಾಲದ ಬಡ್ಡಿ, ಸಂಘದ ಚಂದಾ, ಹೀಗೆ ತನ್ನ ಮನೆಗೆ ಬೇಕಾದುದನ್ನೇ ಮಾಡಿಸಿದರೆ ವಿದ್ಯೆ ನಿಲ್ಲುತ್ತದೆ.

ಭಾಷೆಯ ತೊಡಕನ್ನು ನಾವು ಅಲ್ಲಗಳೆಯುವುದಿಲ್ಲ. ಮೀಸಲು ಶಬ್ದಗಳೂ ತಪ್ಪಿನ ಸೂಚನೆಗಳೂ ಇಂಗ್ಲಿಷಿನಲ್ಲಿವೆ. ಮುಂದೆ ಹೋಗುವವನು ಇಂಗ್ಲಿಷನ್ನು ಕಲಿಯಲೇಬೇಕು. ಆದರೆ ಓನಾಮಕ್ಕೆ ಇಂಗ್ಲಿಷು ಅಡ್ಡಬರಬೇಕಾದುದಿಲ್ಲ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತಮಾಲೆಯಲ್ಲಿ ಕನ್ನಡಾಕ್ಷರಗಳಿಗೆ ಮೊದಲಿನಿಂದಲೇ ಸ್ಥಾನವಿದೆ. ೨೦೦೮ರ ಪೈಥಾನಿನ ಮೂರನೆಯ ಆವೃತ್ತಿಯಿಂದ ಈಚೆಗೆ ‘ಅಸಲು’, ‘ದರ’, ‘ಬಡ್ಡಿ’ ಎಂಬ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆದು ಲೆಕ್ಕ ಮಾಡಿಸಬಹುದು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದನು. ಆಗ ಕನ್ನಡಕ್ಕೆ ಸಾಧ್ಯವಾದುದು ಈಗ ಅಸಾಧ್ಯವೆನ್ನುವುದು ನಮ್ಮ ಆಲಸ್ಯವೇ ಹೊರತು ಭಾಷೆಯ ದೋಷವಲ್ಲ.

೨೦೨೨ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಹೊಸದೊಂದು ಆಕ್ಷೇಪಣೆ ಕೇಳಿಬರುತ್ತಿದೆ: ಯಂತ್ರವೇ ಪ್ರೋಗ್ರಾಮು ಬರೆದುಕೊಡುವಾಗ ನಾವೇಕೆ ಕಲಿಯಬೇಕು? ಹಿಂದೆ ಅರ್ಜಿ ಬರೆಯುವವನು ಕಚೇರಿಯ ಜಗಲಿಯ ಮೇಲೆ ಕುಳಿತಿರುತ್ತಿದ್ದನು. ಓದುಬಾರದವನು ಅವನು ಬರೆದುದಕ್ಕೆ ಹೆಬ್ಬೆಟ್ಟನ್ನು ಒತ್ತುತ್ತಿದ್ದನು. ಅರ್ಜಿ ಬರೆಯುವವನಿದ್ದಾನೆಂದು ಅಕ್ಷರಾಭ್ಯಾಸವನ್ನು ಯಾರಾದರೂ ಬೇಡವೆಂದರೇ? ಬರೆದುಕೊಟ್ಟುದು ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಓದಬಲ್ಲವನೇ ಬೇಕು.

ಎಚ್ಚರಿಕೆಯ ಮಾತೊಂದುಂಟು. ಮೂರು ತಿಂಗಳಲ್ಲಿ ನೌಕರಿ ಕೊಡಿಸುತ್ತೇವೆಂದು ಸಾವಿರಾರು ರೂಪಾಯಿ ವಸೂಲು ಮಾಡುವ ತರಬೇತಿಯ ಅಂಗಡಿಗಳನ್ನು ತಂದೆತಾಯಿಗಳು ನಂಬಬಾರದು. ಮೊದಲ ಪಾಠಗಳಿಗೆ ಹಣ ಬೇಕಿಲ್ಲ. ಐ.ಐ.ಟಿ.ಗಳೂ ಬೆಂಗಳೂರಿನ ವಿಜ್ಞಾನ ಸಂಸ್ಥೆಯೂ ೨೦೦೩ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಯೋಜನೆಯ ಉಪನ್ಯಾಸಗಳು ಉಚಿತವಾಗಿ ದೊರೆಯುತ್ತವೆ. ನೌಕರಿಯ ಆಸೆಯೊಂದರಿಂದಲೇ ಕಲಿತವನು ನೌಕರಿ ಸಿಗದಿದ್ದರೆ ವಿದ್ಯೆಯನ್ನೇ ದೂಷಿಸುವನು.

ಸರಕಾರದ ಕರ್ತವ್ಯವೇನು? ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಾಧ್ಯಮಿಕ ಹಂತದಿಂದಲೇ ಈ ವಿದ್ಯೆಯನ್ನು ಕಲಿಸಬೇಕೆಂದಿತು. ನಮ್ಮ ರಾಜ್ಯವು ಯಾವ ನೀತಿಯನ್ನೇ ಅನುಸರಿಸಲಿ, ಉಪಾಧ್ಯಾಯನೂ ಯಂತ್ರವೂ ಇಲ್ಲದ ಶಾಲೆಯಲ್ಲಿ ನೀತಿಯು ಕಾಗದವಾಗಿಯೇ ಉಳಿಯುತ್ತದೆ. ೧೯೬೫ರ ಗ್ರಂಥಾಲಯ ಕಾನೂನಿನಂತೆ ಪಟ್ಟಣಿಗರು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ತೆರುತ್ತಲೇ ಇದ್ದಾರೆ. ಆ ಹಣದಿಂದ ಪ್ರತಿಯೊಂದು ತಾಲ್ಲೂಕಿನ ಗ್ರಂಥಾಲಯದಲ್ಲಿಯೂ ಸಂಜೆಯ ಹೊತ್ತು ನಾಲ್ಕು ಯಂತ್ರಗಳನ್ನು ಸಾರ್ವಜನಿಕರ ಕೈಗೆ ಬಿಡಲಿ. ಒಬ್ಬ ಬೋಧಕನನ್ನು ನೇಮಿಸಲಿ. ತಿಳಿಗನ್ನಡದಲ್ಲಿ ಒಂದು ಪ್ರಥಮ ಪಾಠಪುಸ್ತಕವನ್ನು ಅಚ್ಚು ಹಾಕಿಸಿ ಅಲ್ಪ ಬೆಲೆಗೆ ಹಂಚಲಿ. ಕಚೇರಿಗಳಲ್ಲಿರುವ ನಮ್ಮ ವಾಚಕರು ತಾವು ದಿನವೂ ಸಹಿಮಾಡುವ ಕಾಗದಗಳ ಹಿಂದಿರುವ ಲೆಕ್ಕವನ್ನು ತಿಳಿಯುವಷ್ಟಾದರೂ ಕಲಿಯಲಿ. ಐವತ್ತು ದಾಟಿದವರಿಗೆ ಇದು ಸಲ್ಲದೆಂದು ಯಾರೂ ಹೇಳಿಲ್ಲ.

ಆಳುವ ನಿಯಮಗಳು ಯಾವ ಭಾಷೆಯಲ್ಲಿ ಬರೆಯಲ್ಪಡುತ್ತವೆಯೋ ಆ ಭಾಷೆಯನ್ನು ಪ್ರಜೆಗಳು ಅರಿತಿರಬೇಕೆಂದು ನಮ್ಮ ಹಿರಿಯರು ಹೋರಾಡಿದರು. ಆ ನಿಯಮಗಳಲ್ಲಿ ಹಲವು ಈಗ ಗಣಕದ ಭಾಷೆಯಲ್ಲಿ ಬರೆಯಲ್ಪಡುತ್ತಿವೆ. ಕನ್ನಡಿಗರು ಅದರ ಓನಾಮಕ್ಕೆ ತಡಮಾಡಕೂಡದು.